ಪದಚರ್ಚೆ: ಬಾಡಿಸು, ಹುರಿ, ಕರಿ – ಎಲ್ಲವೂ ‘ಫ್ರೈ’ ಆದರೆ ಹೇಗೆ?

ಗೆಳೆಯರೇ,

‘ಈರುಳ್ಳಿ ಹಾಕಿ ಚೆನ್ನಾಗಿ ಫ್ರೈ ಮಾಡಿ.’ ಅಡುಗೆಯ ಬರಹಗಳಲ್ಲಿ ಈ ಸಾಲು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಓದಿದವರು ಏನು ಮಾಡಬೇಕು? ಈರುಳ್ಳಿ ಮೆತ್ತಗಾದರೆ ಸಾಕೋ, ಕೆಂಪಗಾಗಬೇಕೋ, ಎಣ್ಣೆಯಲ್ಲಿ ಮುಳುಗಿ ಗರಿಗರಿಯಾಗಬೇಕೋ? ಈ ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ ಅಲ್ವಾ?

ಅಕ್ಕಿ, ಬೇಳೆ, ಈರುಳ್ಳಿ, ಉಪ್ಪು, ಒಂದಿಷ್ಟು ಎಣ್ಣೆ. ಇಷ್ಟರಲ್ಲೇ ಆಗುವ ಸಾದಾ ಅಡುಗೆಯ ಬಗ್ಗೆ ನಾನು ಮುಖ್ಯವಾಗಿ ಕೇಳುತ್ತಿರುವುದು. ಸಾಮಾನು ಕಡಿಮೆ ಇದ್ದಷ್ಟೂ ಹೇಗೆ ಬೇಯಿಸಿದಿರಿ, ಎಷ್ಟು ಹುರಿದಿರಿ ಅನ್ನುವುದರ ಮೇಲೆಯೇ ರುಚಿ ನಿಂತಿರುತ್ತದೆ. ಅಲ್ಲಿ ಕ್ರಿಯಾಪದ ಮಸುಕಾದರೆ ಅಡುಗೆಯೇ ಬೇರೆಯಾಗುತ್ತದೆ.

ನಾನು ತಿಳಿದ ಮಟ್ಟಿಗೆ, ಬಾಡಿಸುವುದು ಅಂದರೆ ಸಣ್ಣ ಉರಿಯಲ್ಲಿ ಸ್ವಲ್ಪ ಎಣ್ಣೆಯೊಂದಿಗೆ ಮೆತ್ತಗೆ ಮಾಡುವುದು. ಹೂವು ಬಾಡಿತು ಅನ್ನುವ ‘ಬಾಡು’ ಇದೇ. ಈರುಳ್ಳಿಗೆ ಚಿಟಿಕೆ ಉಪ್ಪು ಹಾಕಿದರೆ ನೀರು ಬಿಡುತ್ತದೆ, ಬೇಗ ಬಾಡುತ್ತದೆ. ಆ ನೀರು ಇರುವ ತನಕ ಬಿಸಿ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ಬಣ್ಣ ತಿರುಗುವುದಿಲ್ಲ. ನೀರೆಲ್ಲ ಆರಿ ಬಿಸಿ 140 ಡಿಗ್ರಿಯತ್ತ ಏರಿದ ಮೇಲೆ ಚುರುಕಾಗಿ ಕೆಂಪಾಗತೊಡಗುತ್ತದೆ, ಘಮ ಬರುತ್ತದೆ. ಅಲ್ಲಿಂದ ಮುಂದಿನದು ಹುರಿಯುವುದು. ಎಣ್ಣೆ ಇಲ್ಲದೆಯೂ ಹುರಿಯಬಹುದು, ಬೇಳೆ ಹುರಿದಂತೆ. ಕರಿಯುವುದಕ್ಕೆ ಮಾತ್ರ ಎಣ್ಣೆ ಜಾಸ್ತಿ ಬೇಕು, ಅದು 170–180 ಡಿಗ್ರಿಯವರೆಗೆ ಕಾದಿರಬೇಕು.

‘ಕಾದಿರಬೇಕು’ ಅಂದೆ. ಇದೂ ಗಮನಿಸುವ ಮಾತು. ಎಣ್ಣೆ ಕಾಯುತ್ತದೆ, ನೀರು ಕಾಯುತ್ತದೆ, ಆಮೇಲೆ ಕುದಿಯುತ್ತದೆ. ಎಣ್ಣೆ ಕುದಿಯಿತು ಅಂತ ಸಾಮಾನ್ಯವಾಗಿ ಅನ್ನುವುದಿಲ್ಲ. ಅದು ಸರಿಯೂ ಹೌದು. ಕರಿಯುವಾಗ ಏಳುವ ಗುಳ್ಳೆ ಎಣ್ಣೆಯದ್ದಲ್ಲ, ಪದಾರ್ಥದೊಳಗಿನ ನೀರು ಆವಿಯಾಗಿ ಹೊರಬರುವುದು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾದದ್ದು. ಬೇಯು, ಕುದಿ, ಕಾಯು, ಬಾಡು – ಇವೆಲ್ಲ ತಾವಾಗಿಯೇ ಆಗುವಂಥವು. ‘ಇಸು’ ಸೇರಿದರೆ ನಾವು ಮಾಡಿದ್ದಾಗುತ್ತದೆ: ಬೇಯಿಸು, ಕುದಿಸು, ಕಾಯಿಸು, ಬಾಡಿಸು. ಹುರಿ ಮತ್ತು ಕರಿ ಹಾಗಲ್ಲ. ‘ಬೇಳೆ ಬೆಂದಿತು’ ಅನ್ನುತ್ತೇವೆ. ‘ಈರುಳ್ಳಿ ಹುರಿಯಿತು’ ಅನ್ನುವುದಿಲ್ಲ. ಹುರಿಯಲು ಒಬ್ಬರು ಬೇಕೇ ಬೇಕು. ‘ಹುರಿಸು’ ಅಂದರೆ ಇನ್ನೊಬ್ಬರ ಕೈಯಲ್ಲಿ ಹುರಿಯುವ ಕೆಲಸ ಮಾಡಿಸಿದ ಹಾಗೆ. ಒಲೆಯ ಮುಂದೆ ನಿಂತವರಿಗೆ ಇದು ಗೊತ್ತು. ಬೇಳೆ ಬೇಯಲು ಇಟ್ಟು ಬೇರೆ ಕೆಲಸ ನೋಡಬಹುದು. ಹುರಿಯುವಾಗ ಆ ಕಡೆ ಈ ಕಡೆ ಹೋಗುವ ಹಾಗಿಲ್ಲ, ಕೈಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಸೀದು ಹೋಗುತ್ತದೆ. ವ್ಯಾಕರಣ ಅಡುಗೆಯನ್ನು ಇಷ್ಟು ಹತ್ತಿರದಿಂದ ನೋಡಿದೆ ಅಂತ ಖುಷಿಯಾಗುತ್ತದೆ. ‘ಫ್ರೈ ಆಯಿತು’, ‘ಫ್ರೈ ಮಾಡಿದೆ’ ಅನ್ನುವಾಗ ಈ ವ್ಯತ್ಯಾಸವೂ ಹೋಗಿಬಿಡುತ್ತದೆ.

 

ಈಗ ನನ್ನ ಪ್ರಶ್ನೆಗಳು. ‘ಆಲೂಗಡ್ಡೆ ಕುದಿಸಿ’, ‘ಮೊಟ್ಟೆ ಕುದಿಸಿ’ ಅಂತ ಬರೆದಿರುವುದನ್ನು ನೋಡುತ್ತೇನೆ. ನನ್ನ ಬಳಕೆಯಲ್ಲಿ ಕುದಿಯುವುದು ನೀರು, ಬೇಯುವುದು ಮೊಟ್ಟೆ. ನೀರಿಗೂ ಮೊಟ್ಟೆಗೂ ‘ಬಾಯ್ಲ್’ ಅನ್ನುವ ಇಂಗ್ಲಿಷಿನಿಂದ ಬಂದ ಅಭ್ಯಾಸವೇ ಇದು ಅಂತ ಮೊದಲು ಅನ್ನಿಸಿತ್ತು. ಆದರೆ ಉತ್ತರ ಕರ್ನಾಟಕದ ಮಾತಿನಲ್ಲಿ ‘ಬ್ಯಾಳಿ ಕುದಿಸು’ ಸಹಜವಾಗಿಯೇ ಇದೆ. ಹಾಗಾದರೆ ಅಲ್ಲಿ ‘ಬೇಯಿಸು’ ಯಾವುದಕ್ಕೆ ಬಳಸುತ್ತೀರಿ? ಎರಡಕ್ಕೂ ಅರ್ಥದಲ್ಲಿ ಅಂತರ ಇದೆಯೇ?

ಇನ್ನೊಂದು. ಪಾತ್ರೆ ಮುಚ್ಚಿ, ಹೊರಗಿನಿಂದ ನೀರು ಹಾಕದೆ, ತರಕಾರಿಯನ್ನು ಅದರದೇ ನೀರಿನಲ್ಲಿ ಬೇಯಿಸುವುದಕ್ಕೆ ನಿಮ್ಮ ಕಡೆ ಒಂದೇ ಪದ ಇದೆಯೇ? ‘ಹಬೆಯಲ್ಲಿ ಬೇಯಿಸು’ ಅಂದರೆ ಬೇರೆ ಪಾತ್ರೆಯ ನೀರಿನ ಹಬೆ ಅಂತ ಆಗುತ್ತದೆ. ‘ಬಾಡಿಸು’ ಅಂದರೆ ಅದು ಪೂರ್ತಿ ಬೆಂದಿರಬೇಕು ಅನ್ನುವ ಅರ್ಥ ಬರುವುದಿಲ್ಲ. ಮನೆಯಲ್ಲಿ ಹಿರಿಯರು ಆಡುವ ಮಾತು ಯಾವುದಾದರೂ ಇದ್ದರೆ, ಅದನ್ನು ಬಳಸಿದ ಒಂದು ವಾಕ್ಯದ ಜೊತೆಗೆ ತಿಳಿಸಿ.