‘ಪ್ರಸ್ತಾವನೆ’ ಅಂದರೆ ಯಾವುದು? ಪಿಎಚ್.ಡಿ. ಅರ್ಜಿಯ ಪದಗಳ ಬಗ್ಗೆ

ಗೆಳೆಯರೇ,

ಹಾವೇರಿಯಲ್ಲಿರುವ ನಮ್ಮ ಅಕ್ಕನ ಮಗಳು ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದಾಳೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತರು, ದಲಾಲರು, ಹಮಾಲರು ಆಡುವ ಮಾತು ಅವಳ ವಿಷಯ. ಅರ್ಜಿಯ ಜೊತೆ ‘ಸಂಶೋಧನಾ ಪ್ರಸ್ತಾವನೆ’ ಲಗತ್ತಿಸಬೇಕಂತೆ. ನಾನು ಧಾರವಾಡದಲ್ಲಿ ಕರಡು ತಿದ್ದಿ ಬದುಕುವವನು. ‘ಸ್ವಲ್ಪ ನೋಡಿಕೊಡು ಮಾಮಾ’ ಅಂತ ಕಳಿಸಿದಳು.

ನಾಲ್ಕು ಪುಟ ಇತ್ತು. ಊರಿನ ವರ್ಣನೆ, ಡಬ್ಬಿ ಮತ್ತು ಕಡ್ಡಿ ತಳಿಗಳ ಗುಣಗಾನ, 2011ರಲ್ಲಿ ಸಿಕ್ಕ ಜಿಐ ಟ್ಯಾಗ್ (ಊರಿನ ಹೆಸರಿನ ಬೆಳೆಗೆ ಕೊಡುವ ಭೌಗೋಳಿಕ ಗುರುತು), ಕೊನೆಗೆ ಕಲಿಸಿದ ಗುರುಗಳಿಗೆಲ್ಲ ವಂದನೆ. ಏನು ಹುಡುಕುತ್ತಾಳೆ, ಯಾರನ್ನು ಮಾತಾಡಿಸುತ್ತಾಳೆ, ಎಷ್ಟು ದಿನ ಬೇಕು, ಒಂದೂ ಇಲ್ಲ. ಬೈಯೋಣ ಅಂದುಕೊಂಡೆ. ಆಮೇಲೆ ಹೊಳೆಯಿತು. ಪುಸ್ತಕದ ಮೊದಲ ಪುಟಗಳಲ್ಲಿ ಇರುವುದೂ ಪ್ರಸ್ತಾವನೆಯೇ ಅಲ್ವಾ? ಪಾಪ, ಅವಳು ಅದನ್ನೇ ಬರೆದಿದ್ದಳು.

ಸಂಸ್ಕೃತ ನಾಟಕದಲ್ಲಿ ಸೂತ್ರಧಾರ ಬಂದು ಆಟಕ್ಕೆ ಪೀಠಿಕೆ ಹಾಕುತ್ತಾನಲ್ಲ, ಅದೂ ಪ್ರಸ್ತಾವನೆ. ‘ಸರ್ಕಾರಕ್ಕೆ ಪ್ರಸ್ತಾವನೆ ಸಲ್ಲಿಕೆ’ ಅಂತ ಪತ್ರಿಕೆಯವರು ಬರೆದಾಗ ಮಾತ್ರ ‘ಹೀಗೆ ಮಾಡಬೇಕೆಂದಿದ್ದೇವೆ, ಒಪ್ಪಿಗೆ ಕೊಡಿ’ ಎನ್ನುವ ಅರ್ಥ. ನಮಗೆ ಬೇಕಾದದ್ದು ಈ ಕೊನೆಯದು.

ಕೆಲವು ಕಡೆ ‘ಸಾರಲೇಖ’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕಟ್ಟಿನ ಸಾರು ಮಾಡಬೇಕಾದರೂ ಮೊದಲು ಬೇಳೆ ಬೇಯಬೇಕು. ಇಲ್ಲಿ ಇನ್ನೂ ಒಲೆಯೇ ಹೊತ್ತಿಲ್ಲ. ‘ಪ್ರಸ್ತಾಪ’ ಅಂದರೆ ಸುಮ್ನೆ ಮಾತೆತ್ತಿದ ಹಾಗೆ. ನನ್ನ ಮತ ‘ಸಂಶೋಧನೆಯ ರೂಪುರೇಷೆ’ಗೆ. ರೂಪುರೇಷೆ ಅಂತ ತಲೆಬರಹ ಇದ್ದರೆ ಯಾರೂ ಕೆಳಗೆ ಗುರುವಂದನೆ ಬರೆಯುವುದಿಲ್ಲ. ಆದರೆ ಅದರಲ್ಲಿ ಒಪ್ಪಿಗೆ ಕೇಳುವ ಧ್ವನಿ ಇಲ್ಲ ಅನ್ನುವುದೂ ನಿಜ.

‘ಹೈಪಾಥಿಸಿಸ್’ಗೆ, ಅಂದರೆ ಸಂಶೋಧನೆಗೆ ಮೊದಲೇ ಇಟ್ಟುಕೊಳ್ಳುವ ಊಹೆಗೆ, ಅವಳು ‘ಪ್ರಾಕಲ್ಪನೆ’ ಅಂತ ಬರೆದಿದ್ದಳು. ಪ್ರಾಕ್ ಮತ್ತು ಕಲ್ಪನೆ ಸೇರಿದರೆ ಪ್ರಾಕ್ಕಲ್ಪನೆ, ಕಕಾರಕ್ಕೆ ಒತ್ತು ಬೇಕು. ಅದನ್ನು ತಿದ್ದಿದೆ. ಅದರಲ್ಲಿ ಚರ್ಚೆಯೇನಿಲ್ಲ.

ನಿಜವಾಗಿ ಸಿಕ್ಕಿಬಿದ್ದದ್ದು ‘ರಿಸರ್ಚ್ ಗ್ಯಾಪ್’ ಎಂಬಲ್ಲಿ, ಅಂದರೆ ಹಿಂದಿನವರ ಸಂಶೋಧನೆ ಮುಟ್ಟದೆ ಬಿಟ್ಟ ಭಾಗ. ‘ಸಂಶೋಧನಾ ಅಂತರ’ ಅಂತ ಬರೆಯುವವರಿದ್ದಾರೆ. ಅಂತರ ಅಂದರೆ ನನಗೆ ಹುಬ್ಬಳ್ಳಿ ಧಾರವಾಡದ ನಡುವಿನ ದಾರಿ ನೆನಪಾಗುತ್ತದೆ. ಆ ತುದಿ, ಈ ತುದಿ ಎರಡೂ ಗೊತ್ತಿರಬೇಕು. ಇಲ್ಲಿ ಹಾಗಿಲ್ಲ. ‘ಕೊರತೆ’ ಅಂದರೆ ಹಿಂದಿನವರ ಮೇಲೆ ದೂರು ಹೇಳಿದಂತೆ. ‘ತೆರಪು’ (ನಡುವಿನ ಖಾಲಿ ಜಾಗ) ಚೆಂದದ ಪದ, ಆದರೆ ‘ಸಂದರ್ಶನದಲ್ಲಿ ಅದರ ಅರ್ಥ ಹೇಳುತ್ತ ಕೂರಬೇಕಾಗುತ್ತದೆ’ ಅಂದಳು.

ನಮ್ಮ ಭಾವ ಒಕ್ಕಲುತನದವರು. ಫೋನಿನಲ್ಲಿ ನಮ್ಮ ಜಗ್ಗಾಟ ಕೇಳಿ, ‘ಅಂದ್ರ ಬಿತ್ತಿದ ಸಾಲಿನ್ಯಾಗ ಬೀಜ ನಾಟಲಾರದ ಜಾಗ, ಹೌದಲ್ಲೋ?’ ಅಂದರು. ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಹೊಲ ಬೀಳು ಬಿದ್ದಿಲ್ಲ. ಮುಂಚಿನವರು ಬಿತ್ತಿದ್ದಾರೆ, ಅಕ್ಕಪಕ್ಕ ಬೆಳೆಯೂ ಇದೆ. ನಡುವೆ ಅಲ್ಲಲ್ಲಿ ಬರೀ ಮಣ್ಣು ಕಾಣುತ್ತದೆ. ಅವಳು ಕಾಳು ಊರಬೇಕಾದದ್ದು ಅಲ್ಲಿ. ‘ಈ ವಿಷಯದಲ್ಲಿ ಯಾರೂ ಏನೂ ಮಾಡಿಲ್ಲ’ ಅಂತ ಬರೆದಿದ್ದ ಸಾಲನ್ನು ಅವಳೇ ಹೊಡೆದು ಹಾಕಿದಳು.

ಹಾಗೆ ಖಾಲಿ ಉಳಿದ ಜಾಗಕ್ಕೆ ನಿಮ್ಮ ಕಡೆಯ ರೈತರು ಒಂದೇ ಮಾತಿನಲ್ಲಿ ಏನನ್ನುತ್ತಾರೆ? ಗದಗ, ರೋಣ, ಸವಣೂರಿನ ಕಡೆಯವರು ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿ. ‘ರೂಪುರೇಷೆ’ಗಿಂತ ಒಳ್ಳೆಯದು ಹೊಳೆದರೆ ಅದನ್ನೂ ಹೇಳಿ. ಅರ್ಜಿಗೆ ಇನ್ನು ಹತ್ತು ದಿನ ಇದೆ. ವಂದನೆಯ ಪ್ಯಾರಾ ತೆಗೆಸಿದ್ದೇನೆ, ಅದಕ್ಕೆ ಅವಳಿಗೆ ಇನ್ನೂ ಸಿಟ್ಟಿದೆ.