‘ತಾಗಿತು’, ‘ತಾಗಿಸಿದ’, ‘ಬಂದು ಗುದ್ದಿದ’: ಪಾರ್ಕಿಂಗ್‌ನಲ್ಲಿ ‘ಫಾಲ್ಟ್’ ಯಾರದು?

ಬಳಗಕ್ಕೆ ನಮಸ್ಕಾರ.

ಕಾರು ವಿಮೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾರ್ಕಿಂಗ್ ಜಾಗದಲ್ಲಿ ಎರಡು ಕಾರು ತಾಗಿದಾಗ ‘ಫಾಲ್ಟ್’ ಯಾರದೆಂದು ತೀರ್ಮಾನಿಸುವ ಅಧ್ಯಾಯಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ.

ಮೊದಲು ‘ದೋಷ’ ಎಂದು ಬರೆದೆ. ಕಾರಿನ ಮಾತಿನ ನಡುವೆ ದೋಷ ಅಂದರೆ ಓದುವವರ ಮನಸ್ಸು ಬ್ರೇಕಿಗೋ ಎಂಜಿನ್ನಿಗೋ ಹೋಗುತ್ತದೆ. ‘ಅಪರಾಧ’ ಅತಿಯಾಯಿತು. ‘ಅಜಾಗರೂಕತೆ’ ಪೊಲೀಸ್ ದೂರಿನಲ್ಲಿ ‘ಅತಿವೇಗ’ದ ಕೈ ಹಿಡಿದೇ ಬರುವ ಪದ, ಇಲ್ಲಿ ಕಾರು ತೆವಳುತ್ತಿತ್ತು. ಉಳಿದದ್ದು ‘ತಪ್ಪು’, ‘ಹೊಣೆ’.

ತಪ್ಪು ನನಗೆ ಇಷ್ಟ. ಇಂಥ ಕಡೆ ಆಗುವುದು ಬಹುಮಟ್ಟಿಗೆ ಕಣ್ತಪ್ಪೇ. ಆದರೆ ವಿಮೆಯವರು ಪಾಲು ಹಾಕುತ್ತಾರೆ. ಎದುರುಬದುರು ಸಾಲಿನ ಇಬ್ಬರೂ ಒಂದೇ ಹೊತ್ತಿಗೆ ರಿವರ್ಸ್ ತೆಗೆದು ಬೆನ್ನಿಗೆ ಬೆನ್ನು ಗುದ್ದಿಕೊಂಡರೆ ಸಾಮಾನ್ಯವಾಗಿ ಇಬ್ಬರ ಮೇಲೂ ಬರುತ್ತದೆ. ‘ಶೇ. 50 ತಪ್ಪು’ ಅಂದರೆ ಉತ್ತರಪತ್ರಿಕೆ ತಿದ್ದಿದ ಹಾಗಿದೆ. ‘ಶೇ. 50 ಹೊಣೆ’ ಸಲೀಸು, ಆದರೆ ಹೊಣೆ ಬೇರೆಯೇ ವಿಷಯ: ಮಗ ಗುದ್ದಿದ್ದಕ್ಕೆ ಅಪ್ಪ ದುಡ್ಡು ಕಟ್ಟಿದರೆ ಹೊಣೆ ಅಪ್ಪನದು, ತಪ್ಪು ಮಗನದು. ಸದ್ಯಕ್ಕೆ ‘ತಪ್ಪಿನ ಪಾಲು’ ಎಂದಿಟ್ಟಿದ್ದೇನೆ.

‘ರೈಟ್ ಆಫ್ ವೇ’ಗೆ ‘ದಾರಿಯ ಹಕ್ಕು’ ಅಂದರೆ ಹೊಲದ ದಾರಿಯ ತಕರಾರು ನೆನಪಾಗುತ್ತದೆ. ಅದನ್ನು ತಿರುಗಿಸಿ ‘ದಾರಿ ಬಿಡಬೇಕಾದವರು’ ಎಂದೆ. ನಿಲ್ಲಿಸಿದ ಜಾಗದಿಂದ ಹೊರಬರುವವರು ಸಾಲುಗಳ ನಡುವೆ ಸಾಗುತ್ತಿರುವವರಿಗೆ ದಾರಿ ಬಿಡಬೇಕು. ಇದು ಸರಿಹೋಯಿತು ಅನಿಸುತ್ತದೆ.

ನಿಜವಾದ ತೊಡಕು ಕ್ರಿಯಾಪದದ್ದು. ಕೈಪಿಡಿಯ ಕೊನೆಗೆ ‘ಏನಾಯಿತು, ಬರೆಯಿರಿ’ ಎಂಬ ಅರ್ಜಿಯಿದೆ. ‘ಕಾರು ತಾಗಿತು’ ಎಂದು ಬರೆದರೆ ಯಾರೂ ಏನೂ ಮಾಡಿಲ್ಲ, ಕಾರೇ ತಾಗಿದೆ. ‘ತಾಗಿಸಿದ’ ಅಂದರೆ ಆ ‘ಇಸು’ ಒಂದೇ ತೀರ್ಪು ಕೊಟ್ಟು ಮುಗಿಸುತ್ತದೆ. ‘ಬಂದು ಗುದ್ದಿದ’ ಇನ್ನೂ ಜಾಣ: ‘ಬಂದು’ ಎಂಬಲ್ಲೇ ನಾನು ನಿಂತಿದ್ದೆ, ಚಲಿಸುತ್ತಿದ್ದವನು ಅವನು ಎಂಬ ಸಾಕ್ಷ್ಯ ಅಡಗಿದೆ. ಇನ್ನು ‘ಗುದ್ದಿಬಿಟ್ಟೆ’! ಬೇಕೆಂದು ಮಾಡಲಿಲ್ಲ ಎಂಬ ಅಳಲೂ ಮಾಡಿದ್ದು ನಾನೇ ಎಂಬ ಒಪ್ಪಿಗೆಯೂ ಒಂದೇ ಪದದಲ್ಲಿ. ಪಾಪ, ಬರೆದವರಿಗೆ ಅದು ಗೊತ್ತೇ ಇರುವುದಿಲ್ಲ.

ತನಿಖೆಗೆ ಬಂದವರು ನೋಡುವುದು ಡೆಂಟ್ ಎಲ್ಲಿದೆ, ಚಕ್ರ ಯಾವ ಕಡೆ ತಿರುಗಿತ್ತು, ಕ್ಯಾಮೆರಾದಲ್ಲಿ ಯಾವ ಕಾರು ಚಲಿಸುತ್ತಿದೆ ಎಂಬುದನ್ನು. ಅವರು ಅದನ್ನೆಲ್ಲ ನೋಡುವ ಮೊದಲೇ ನಮ್ಮ ವ್ಯಾಕರಣ ತಪ್ಪನ್ನು ಹಂಚಿಬಿಟ್ಟರೆ ಹೇಗೆ?

‘ಡಿಕ್ಕಿಯಾಯಿತು’ ತಟಸ್ಥವಾಗಿದೆ ಎಂದು ಅದನ್ನೇ ಹಿಡಿದೆ. ಆದರೆ ಕಾರಿನ ಹಿಂದಿನ ಪೆಟ್ಟಿಗೆಯೂ ಡಿಕ್ಕಿಯೇ. ‘ಡಿಕ್ಕಿಗೆ ಡಿಕ್ಕಿಯಾಯಿತು’ ಎಂದು ನಾನೇ ಬರೆದು ನಾನೇ ನಕ್ಕೆ.

ಯಾರ ಕಡೆಗೂ ವಾಲದ, ಜನ ಬಾಯಲ್ಲಿ ಆಡುವ ಕ್ರಿಯಾಪದ ನಿಮ್ಮಲ್ಲಿದ್ದರೆ ತಿಳಿಸಿ. ‘ಪರಸ್ಪರ ಸಂಘಟ್ಟನೆಗೊಂಡವು’ ಮಾತ್ರ ಬೇಡ.