ಪುಟ್ಟ ತಿಣುಕುತ್ತಿಲ್ಲ, ತಡೆದುಕೊಳ್ಳುತ್ತಿದ್ದಾನೆ

ಗುಂಪು: ಅಜ್ಜಿಮನೆ ಬಳಗ

ದೊಡ್ಡಮ್ಮ (ಫಾರ್ವರ್ಡ್): ಮಗು ಕಕ್ಕ ಮಾಡಲು ಹಟ ಮಾಡುತ್ತಿದೆಯೇ? ಮೂರೇ ದಿನ ಸಾಕು! ಡೈಪರ್ ಎಲ್ಲ ಎಸೆಯಿರಿ. ರಾತ್ರಿ ಹರಳೆಣ್ಣೆ ಕುಡಿಸಿ. ಬೆಳಿಗ್ಗೆ ಪಾಟಿಯ (ಮಕ್ಕಳ ಪುಟ್ಟ ಕಮೋಡ್) ಮೇಲೆ ಕೂರಿಸಿ, ಆಗುವವರೆಗೂ ಏಳಲು ಬಿಡಬೇಡಿ. ಆಗಲೂ ಬಾರದಿದ್ದರೆ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಹಿಂದೆ ಇಡಿ. ಎಲ್ಲ ತಾಯಂದಿರಿಗೂ ಕಳುಹಿಸಿ.

ದೊಡ್ಡಮ್ಮ: ನಮ್ಮ ಪುಟ್ಟನಿಗೂ ಇದನ್ನೇ ಮಾಡಿ. ಶಾಲೆಗೆ ಸೇರಿಸುವ ಹೊತ್ತಿಗೆ ದಾರಿಗೆ ಬರುತ್ತಾನೆ.

ಚಿಕ್ಕಪ್ಪ: ತೊಟ್ಟಿನ ಉಪಾಯ ಹಿಂದಿನಿಂದಲೂ ಇದೆ. ನಿಮಗೆಲ್ಲ ಅದನ್ನೇ ಮಾಡಿದ್ದು.

ನಾನು: ದೊಡ್ಡಮ್ಮ, ಕೈಮುಗಿದು ಕೇಳುತ್ತೇನೆ, ಇದನ್ನು ಮಾಡಿಸಬೇಡಿ. ಅಣ್ಣ ನಿನ್ನೆ ಹಾಕಿದ ವಿಡಿಯೊವನ್ನು ಇನ್ನೊಮ್ಮೆ ನೋಡಿ. ಪುಟ್ಟ ಸೋಫಾದ ಅಂಚು ಹಿಡಿದು ತುದಿಗಾಲಿನಲ್ಲಿ ನಿಂತಿದ್ದಾನೆ. ತೊಡೆಗಳನ್ನು ಒಂದಕ್ಕೊಂದು ಒತ್ತಿಕೊಂಡಿದ್ದಾನೆ. ಮುಖ ಕೆಂಪಾಗಿದೆ. ‘ಪಾಪ, ಎಷ್ಟು ತಿಣುಕುತ್ತಿದ್ದಾನೆ’ ಎಂದು ಎಲ್ಲರೂ ಬರೆದಿರಿ. ಅವನು ತಿಣುಕುತ್ತಿಲ್ಲ. ಬಂದದ್ದು ಹೊರಗೆ ಹೋಗದಂತೆ ಮೈಯೆಲ್ಲ ಬಿಗಿಹಿಡಿದು ತಡೆಯುತ್ತಿದ್ದಾನೆ.

ಚಿಕ್ಕಪ್ಪ: ಏಕೆ ತಡೆಯುತ್ತಾನೆ? ಅದೇ ಹಟವಲ್ಲವೇ?

ನಾನು: ಅದು ಹೆದರಿಕೆ, ಚಿಕ್ಕಪ್ಪ. ಒಮ್ಮೆ ಗಟ್ಟಿಯಾಗಿ ಹೋಗಿ ಉರಿದಿರುತ್ತದೆ. ಮೂರು ವರ್ಷದ ಮಗುವಿಗೆ ಅಷ್ಟು ಸಾಕು. ಮುಂದಿನ ಸಲ ಬಂದಾಗ ಹಿಡಿದುಕೊಳ್ಳುತ್ತದೆ. ಒಳಗೆ ಉಳಿದ ಮಲದ ನೀರನ್ನು ಕರುಳು ಹೀರುತ್ತಲೇ ಇರುತ್ತದೆ. ಅದು ಇನ್ನಷ್ಟು ಗಟ್ಟಿಯಾಗಿ, ದಪ್ಪವಾಗಿ, ಕೊನೆಗೆ ಹೊರಬರುವಾಗ ಮೊದಲಿಗಿಂತ ಹೆಚ್ಚು ನೋಯುತ್ತದೆ. ‘ನಾನು ಹೆದರಿದ್ದೇ ಸರಿ’ ಎಂದು ಮಗುವಿಗೆ ಖಾತ್ರಿಯಾಗುತ್ತದೆ. ನಾನು ಕೆಲಸ ಮಾಡುವ ಮಕ್ಕಳ ವಾರ್ಡಿಗೆ ಹೊಟ್ಟೆನೋವೆಂದು ಬರುವ ಎಷ್ಟೋ ಮಕ್ಕಳ ಕಥೆ ಇದೇ. ಇಂಥ ಮಗುವಿಗೆ ಹರಳೆಣ್ಣೆ ಕುಡಿಸಿದರೆ ಹೊಟ್ಟೆ ನುಲಿಯುತ್ತದೆ, ಒಳಗಿನ ಗಟ್ಟಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಮೇಲೆ ಏಳದಂತೆ ಹಿಡಿದು ಕೂರಿಸಿದರೆ ಪಾಟಿ ಕಂಡರೇ ಓಡುತ್ತದೆ. ತೊಟ್ಟಿನ ಮಾತಂತೂ ಬೇಡವೇ ಬೇಡ. ಮೊದಲೇ ನೋಯುವ ಜಾಗ ಅದು, ಗೀರಿ ಗಾಯವಾಗುತ್ತದೆ. ಆಮೇಲೆ ಅಲ್ಲಿ ತೊಳೆಯಲೂ ಬಿಡುವುದಿಲ್ಲ.

ದೊಡ್ಡಮ್ಮ: ಹಾಗಾದರೆ ನಾವು ಬೆಳೆಸಿದ್ದೆಲ್ಲ ತಪ್ಪೇ? ನಿನ್ನನ್ನು ಕಾಲಿನ ಮೇಲೆ ಕೂರಿಸಿಕೊಂಡು ಕಕ್ಕ ಮಾಡಿಸಿದವಳು ನಾನು.

ನಾನು: ಅದು ತಪ್ಪಲ್ಲ ದೊಡ್ಡಮ್ಮ, ಅದು ಬಹಳ ಸರಿ. ನೀವು ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸುತ್ತಿದ್ದಿರಿ. ಮಂಡಿ ಮೇಲೆ, ಬೆನ್ನಿಗೆ ಆಸರೆ, ನಿಮ್ಮ ಕೈ ಅದರ ಮೈಮೇಲೆ. ಈಗ ಅಣ್ಣನ ಮನೆಯ ಕಮೋಡಿನಲ್ಲಿ ಪುಟ್ಟನ ಕಾಲು ಗಾಳಿಯಲ್ಲಿ ನೇತಾಡುತ್ತದೆ. ಬೀಳದಂತೆ ಹಿಡಿದುಕೊಳ್ಳುವುದರಲ್ಲೇ ಮೈ ಬಿಗಿದಿರುತ್ತದೆ, ಸಡಿಲ ಬಿಡುವುದೆಲ್ಲಿಂದ ಬಂತು? ಪಾದದ ಕೆಳಗೆ ಒಂದು ಮಣೆ ಇಡಬೇಕು, ಮಂಡಿ ಸೊಂಟಕ್ಕಿಂತ ಮೇಲಿರುವಂತೆ. ಊಟವಾದ ಮೇಲೆ ಐದು ನಿಮಿಷ ಕೂರಿಸಿದರೆ ಸಾಕು, ಹೊಟ್ಟೆ ತುಂಬಿದಾಗ ಕರುಳು ತಾನಾಗಿಯೇ ಚುರುಕಾಗುತ್ತದೆ. ಬಂದರೆ ಬಂತು, ಬಾರದಿದ್ದರೆ ಎದ್ದು ಆಟಕ್ಕೆ ಹೋಗಲಿ. ಆದರೆ ಇದು ಆಮೇಲಿನ ಮಾತು. ಮೊದಲು ಮಲ ಮೆತ್ತಗಾಗಬೇಕು.

ಅತ್ತಿಗೆ: ಒಂದು ಕೇಳಲೇ? ಎರಡು ದಿನದಿಂದ ಚಡ್ಡಿಗೆ ತೆಳ್ಳಗೆ ಅಂಟುತ್ತಿದೆ. ಅವನಿಗೆ ಗೊತ್ತೇ ಆಗುವುದಿಲ್ಲ. ಭೇದಿ ಇರಬೇಕು ಎಂದು ಅಮ್ಮ ಗಂಜಿ ಕೊಡುತ್ತಿದ್ದಾರೆ. ಮಲ ಮೆತ್ತಗಾಗಲು ಡಾಕ್ಟರು ಕೊಟ್ಟ ಸಿರಪ್ಪನ್ನು ನಿಲ್ಲಿಸಲೇ?

ನಾನು: ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅತ್ತಿಗೆ. ಹಲವು ದಿನ ಕಕ್ಕ ಮಾಡದ ಮಗುವಿಗೆ ಹೀಗಾದರೆ ಅದು ಸಾಮಾನ್ಯವಾಗಿ ಭೇದಿಯಲ್ಲ. ಗಟ್ಟಿಯಾಗಿ ಕೂತದ್ದರ ಸುತ್ತ ತೆಳುವಾದದ್ದು ಜಾರಿ ಬರುತ್ತಿರುತ್ತದೆ. ಒಳಗೆ ಕರುಳು ಹಿಗ್ಗಿರುವುದರಿಂದ ಬಂದದ್ದು ಮಗುವಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಅವನನ್ನು ಯಾರೂ ಗದರಬಾರದು. ಕೂತಿರುವುದನ್ನು ಮೊದಲು ತೆರವು ಮಾಡಬೇಕಾಗಬಹುದು. ಅದಕ್ಕೆ ಔಷಧದ ಪ್ರಮಾಣವೇ ಬೇರೆ, ಡಾಕ್ಟರೇ ಹೇಳಬೇಕು. ಇಂದೇ ಫೋನ್ ಮಾಡಿ. ವಾಂತಿ, ಹೊಟ್ಟೆ ಉಬ್ಬರ ಅಥವಾ ಜ್ವರ ಕಂಡರೆ ಕಾಯದೆ ಹೊರಡಿ.

ಚಿಕ್ಕಪ್ಪ: ಸಿರಪ್ ಅಭ್ಯಾಸವಾಗಿಬಿಟ್ಟರೆ? ಬಾಳೆಹಣ್ಣು, ಒಣದ್ರಾಕ್ಷಿ ನೆನೆಸಿದ ನೀರು ಸಾಲದೇ?

ನಾನು: ಒಣದ್ರಾಕ್ಷಿ ನೀರು ಕೊಡಿ, ಸೊಪ್ಪು, ಪಪ್ಪಾಯ ಕೊಡಿ, ಒಳ್ಳೆಯದೇ. ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ, ಹಾಲಿನಲ್ಲೇ ಹೊಟ್ಟೆ ತುಂಬಿದರೆ ಊಟ ಸೇರುವುದಿಲ್ಲ. ಆದರೆ ಹಿಡಿದಿಟ್ಟುಕೊಳ್ಳುವ ಮಗುವಿಗೆ ಆಹಾರ ಒಂದೇ ಸಾಲದು. ಲ್ಯಾಕ್ಟುಲೋಸ್ ಆಗಲಿ, ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯಾಗಲಿ ಮಾಡುವುದು ಇಷ್ಟೇ: ನೀರನ್ನು ಮಲದಲ್ಲಿ ಉಳಿಸಿ ಮೆತ್ತಗಿಡುತ್ತವೆ. ಕರುಳನ್ನು ಸೋಮಾರಿ ಮಾಡುವುದಿಲ್ಲ. ಯೂರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ ಸಂಘಗಳು 2014ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ಕನಿಷ್ಠ 2 ತಿಂಗಳು ಕೊಡಬೇಕು ಎಂದಿದೆ. ಕಕ್ಕಸಿನ ಅಭ್ಯಾಸ ಕಲಿಯುವ ವಯಸ್ಸಿನ ಮಗುವಾದರೆ, ಆ ಕಲಿಕೆ ಮುಗಿಯುವವರೆಗೆ ನಿಲ್ಲಿಸಬಾರದು ಎಂದೂ ಇದೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಎರಡು ದಿನ ಸಲೀಸಾಗಿ ಹೋದ ಕೂಡಲೇ ಬಾಟಲಿ ಮುಚ್ಚಿಡುತ್ತೇವೆ.

ದೊಡ್ಡಮ್ಮ: ತಿಂಗಳುಗಟ್ಟಲೆ ಔಷಧ ಎಂದರೆ ನನಗೆ ಮನಸ್ಸು ಒಪ್ಪುವುದಿಲ್ಲ. ತೊಟ್ಟು ಬೇಡ ಎಂದರೆ ಬಿಡಿ. ಆದರೆ ಡೈಪರ್ ಬಿಡಿಸದಿದ್ದರೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲವಲ್ಲ?

ಅಣ್ಣ: ಅದೇ ನನ್ನ ತಲೆಬಿಸಿಯೂ. ಡೈಪರ್ ಇದ್ದರೆ ಕರೆತರಬೇಡಿ ಎಂದಿದ್ದಾರೆ.

ನಾನು: ಅಣ್ಣ, ಶಾಲೆ ಕಾಯಲಿ. ಪುಟ್ಟ ಮೂತ್ರಕ್ಕೆ ತಾನೇ ಓಡುತ್ತಾನೆ, ಕಕ್ಕಕ್ಕೆ ಮಾತ್ರ ಡೈಪರ್ ಕೇಳುತ್ತಾನೆ. ಕೇಳಿದಾಗ ಕೊಡಿ. ಕೊಡದಿದ್ದರೆ ಮತ್ತೆ ತಡೆದುಕೊಳ್ಳುತ್ತಾನೆ, ಅಷ್ಟೇ. ನೋವಿಲ್ಲದೆ ಹೋಗುತ್ತದೆ ಎಂಬ ಧೈರ್ಯ ಬರಲಿ. ಆಮೇಲೆ ಡೈಪರ್ ಹಾಕಿಕೊಂಡೇ ಬಚ್ಚಲಿನಲ್ಲಿ ಮಾಡಲಿ, ಆಮೇಲೆ ಹಾಕಿಕೊಂಡೇ ಪಾಟಿಯ ಮೇಲೆ ಕೂರಲಿ. ಬಿಡಿಸುವುದು ಕೊನೆಗೆ.

ಅಣ್ಣ: ಸರಿ. ಶಾಲೆಯವರೊಂದಿಗೆ ನಾನು ಮಾತನಾಡುತ್ತೇನೆ. ಒಪ್ಪದಿದ್ದರೆ ಮುಂದಿನ ವರ್ಷ ಸೇರಿಸೋಣ.

ಅತ್ತಿಗೆ: ಡಾಕ್ಟರಿಗೆ ಫೋನ್ ಮಾಡಿದೆ, ಸಂಜೆ ಬರಹೇಳಿದ್ದಾರೆ. ದೊಡ್ಡಮ್ಮ, ನಿಮಗೂ ಎಲ್ಲರಿಗೂ ಒಂದು ವಿನಂತಿ. ವಿಡಿಯೊ ಕರೆಯಲ್ಲಿ ಪುಟ್ಟನ ಮುಖ ಕಂಡ ಕೂಡಲೇ ‘ಕಕ್ಕ ಆಯಿತೇನೋ’ ಎಂದು ಕೇಳಬೇಡಿ. ನಿನ್ನೆ ಆ ಪ್ರಶ್ನೆ ಕೇಳಿಯೇ ಪರದೆಯ ಹಿಂದೆ ಹೋಗಿ ನಿಂತುಬಿಟ್ಟ. ಅವನ ಹೊಸ ಟ್ರ್ಯಾಕ್ಟರ್ ಬಗ್ಗೆ ಕೇಳಿ.